ಹಳೇ ಫಿಯೆಟ್ ಎಂಜಿನ್: ಒರಿಜಿನಲ್ ಸಾಮಾನು ಗುರುತಿಸುವುದು ಹೇಗೆ?

ಪ್ರಶ್ನೆ: ನಮ್ಮ ತಂದೆ ಕೊಂಡ 1966ರ ಫಿಯೆಟ್ 1100 ಡಿ ಇನ್ನೂ ಮನೆಯಲ್ಲಿದೆ. ಹೊಗೆ ಜಾಸ್ತಿ ಬಿಡುತ್ತಿತ್ತು ಅಂತ ಎಂಜಿನ್ ಪೂರ್ತಿ ಬಿಚ್ಚಿಸಿದ್ದೇವೆ. ಬ್ಲಾಕ್ ಬೇರೆ ಗಾಡಿಯದ್ದು ಇರಬಹುದು ಎನ್ನುತ್ತಾರೆ ಮೆಕ್ಯಾನಿಕ್. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಹಳೇ ಡಬ್ಬದಲ್ಲಿರುವ 'ಒರಿಜಿನಲ್' ಪಿಸ್ಟನ್ ಸೆಟ್ ಇದೆ. ಶಿವಾಜಿನಗರದ ಗುಜರಿಯಲ್ಲಿ ಒಂದು ಕಾರ್ಬ್ಯುರೇಟರ್ ನೋಡಿ ಬಂದಿದ್ದೇನೆ. ಯಾವುದು ನಿಜಕ್ಕೂ ಒರಿಜಿನಲ್ ಅಂತ ತಿಳಿಯುವುದು ಹೇಗೆ ಸರ್? ಮುಂದೆ ವಿಂಟೇಜ್ ನೋಂದಣಿ ಮಾಡಿಸುವ ಆಸೆಯೂ ಇದೆ.
– ಬಸವನಗುಡಿಯ ಓದುಗರು

ಉತ್ತರ: ಇವತ್ತೇ ಒಂದು ಫೋನ್ ಮಾಡಿ. ಬಿಚ್ಚಿಟ್ಟ ಸಾಮಾನು ಒಂದನ್ನೂ ಎಸೆಯಬೇಡಿ, ಗುಜರಿಗೆ ಹಾಕಬೇಡಿ ಅಂತ ಮೆಕ್ಯಾನಿಕ್‌ಗೆ ಹೇಳಿ. ಸವೆದ ಬೇರಿಂಗ್ ಶೆಲ್, ಮುರಿದ ರಿಂಗ್, ಸುಟ್ಟ ಹೆಡ್ ಗ್ಯಾಸ್ಕೆಟ್, ತುಕ್ಕು ತಿಂದ ಬೋಲ್ಟ್, ಎಲ್ಲವೂ ಇರಲಿ. ಯಾವ ಸಾಮಾನು ಯಾವ ಸಿಲಿಂಡರ್‌ನಿಂದ ಬಂತು ಅಂತ ಚೀಟಿ ಕಟ್ಟಿಸಿ. ಹೊಸ ಸಾಮಾನು ಒರಿಜಿನಲ್ ಹೌದೋ ಅಲ್ಲವೋ ಎನ್ನುವುದಕ್ಕೆ ಅಂಗಡಿಯವರ ಮಾತಿಗಿಂತ, ಡಬ್ಬದ ಮೇಲಿನ ಹೆಸರಿಗಿಂತ, ನಿಮ್ಮ ಗಾಡಿಯಿಂದಲೇ ಇಳಿದ ಹಳೇ ಸಾಮಾನು ದೊಡ್ಡ ಸಾಕ್ಷಿ. ಅದನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ಎಷ್ಟೋ ಗಾಡಿಗಳ ಸಾಕ್ಷಿ ಎಂಜಿನ್ ಬಿಚ್ಚಿದ ವಾರದಲ್ಲೇ ತೂಕಕ್ಕೆ ಹೋಗಿಬಿಡುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಿಮ್ಮ ಗಾಡಿಯ ವಿಷಯದಲ್ಲಿ ಒಂದು ಗೊಂದಲ ಮೊದಲೇ ಬಿಡಿಸಿಕೊಳ್ಳೋಣ. ಈ ಗಾಡಿಯ ಮೂಲ 1953ರಲ್ಲಿ ಇಟಲಿಯಲ್ಲಿ ಬಂದ ಫಿಯೆಟ್ 1100/103. ಮುಂಬೈ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ 1964ರಲ್ಲಿ ಇಲ್ಲಿ 1100 ಡಿ ಶುರು ಮಾಡಿತು. ಅದೇ ಕಾರು 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಿಂದ ಪದ್ಮಿನಿ. ನಮ್ಮ ದೇಶದ ಗಾಡಿಯದ್ದು 1089 ಸಿ.ಸಿ. ಎಂಜಿನ್: ಬೋರ್ (ಸಿಲಿಂಡರ್ ತೂತಿನ ಅಗಲ) 68 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 75 ಮಿ.ಮೀ. ಆದರೆ ಇಟಲಿಯಲ್ಲಿ 1962ರಿಂದ 1100 ಡಿ ಹೆಸರಿನಲ್ಲೇ ಮಾರಿದ ಕಾರಿಗೆ 1221 ಸಿ.ಸಿ. ಎಂಜಿನ್ ಇತ್ತು. ಅದರ ಸ್ಟ್ರೋಕ್ 75 ಮಿ.ಮೀ. ಆದರೂ ಬೋರ್ 72 ಮಿ.ಮೀ. ಹೆಸರು ಒಂದೇ ಅಂತ ಯುರೋಪಿನಿಂದ ಪಿಸ್ಟನ್ ತರಿಸಿದರೆ ನಿಮ್ಮ ಬ್ಲಾಕ್‌ಗೆ ಕೂರುವುದಿಲ್ಲ. ಆನ್‌ಲೈನ್‌ನಲ್ಲಿ ಏನೇ ಕೊಳ್ಳುವ ಮೊದಲು ಮಾದರಿಯ ಹೆಸರು ಕೇಳಬೇಡಿ, ಬೋರ್ ಎಷ್ಟು ಅಂತ ಕೇಳಿ.

ಈಗ ಬ್ಲಾಕ್. ನಿಮ್ಮ ಮೆಕ್ಯಾನಿಕ್‌ನ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. 1100 ಡಿ ಮತ್ತು ಪದ್ಮಿನಿ ಎರಡಕ್ಕೂ 1089 ಸಿ.ಸಿ. ಎಂಜಿನ್ನೇ ಇದ್ದದ್ದರಿಂದ, ಬೋರ್ ಕೆಟ್ಟಾಗ ಪದ್ಮಿನಿ ಎಂಜಿನ್ ತಂದು ಕೂರಿಸುವುದು ಸುಲಭವಿತ್ತು. ಹಾಗಾಗಿ ಅಳತೆ ನೋಡಿ ಇದು ಹಳೇ ಬ್ಲಾಕೋ ಪದ್ಮಿನಿ ಬ್ಲಾಕೋ ಅಂತ ಹೇಳಲು ಆಗುವುದಿಲ್ಲ. ಬ್ಲಾಕ್ ಮೇಲೆ ಎರಡು ಬಗೆಯ ಗುರುತು ಇರುತ್ತದೆ, ಅವನ್ನು ಬೇರೆಬೇರೆಯಾಗಿ ಓದಬೇಕು. ಒಂದು, ಎರಕದಲ್ಲೇ ಉಬ್ಬಿ ಬಂದಿರುವ ಅಕ್ಷರ ಮತ್ತು ಅಂಕಿ. ಅದು ಅಚ್ಚಿನ ಗುರುತು. ಅದೇ ಅಚ್ಚಿನಲ್ಲಿ ಎರಕ ಹೊಯ್ದ ಎಲ್ಲ ಬ್ಲಾಕಿಗೂ ಅದೇ ಅಂಕಿ. ಬ್ಲಾಕ್ ಯಾವ ಕಂಪನಿಯದು, ಯಾವ ಮಾದರಿಯದು ಅಂತ ಅದು ಹೇಳುತ್ತದೆ, ನಿಮ್ಮ ಗಾಡಿಯದೇ ಅಂತ ಹೇಳುವುದಿಲ್ಲ. ಇನ್ನೊಂದು, ಸಮತಟ್ಟು ಮಾಡಿದ ಜಾಗದಲ್ಲಿ ಪಂಚ್ ಹೊಡೆದು ಇಳಿಸಿದ ಎಂಜಿನ್ ನಂಬರ್. ಇದು ಆ ಒಂದು ಎಂಜಿನ್‌ಗೆ ಮಾತ್ರ ಸೇರಿದ್ದು. ಎರಕದ ಗುರುತನ್ನು ಸುಳ್ಳು ಮಾಡುವುದು ಕಷ್ಟ. ಪಂಚ್ ನಂಬರನ್ನು ಉಜ್ಜಿ ಮತ್ತೆ ಹೊಡೆಯುವವರು ಇದ್ದಾರೆ.

ನಂಬರ್ ಇರುವ ಜಾಗವನ್ನು ಸ್ವಚ್ಛ ಮಾಡುವಾಗ ಎಮರಿ ಪೇಪರ್, ತಂತಿ ಬ್ರಷ್, ಗ್ರೈಂಡರ್ ಹತ್ತಿರವೂ ತರಬೇಡಿ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ನೆನೆಸಿ, ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿ. ಪೇಂಟ್ ಕೂತಿದ್ದರೆ ಪೇಂಟ್ ರಿಮೂವರ್ ಹಚ್ಚಿ ಬಟ್ಟೆಯಲ್ಲಿ ಒರೆಸಿ. ಆಮೇಲೆ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಓರೆಯಾಗಿ, ಮೇಲ್ಮೈಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿ. ಕಾರ್ಖಾನೆಯಲ್ಲಿ ಮಿಲ್ಲಿಂಗ್ ಮಾಡಿದ ಜಾಗದಲ್ಲಿ ಸಣ್ಣ ಗೆರೆಗಳು ಒಂದೇ ದಿಕ್ಕಿಗೆ ಓಡುತ್ತವೆ, ಅಂಕಿಗಳು ಆ ಗೆರೆಗಳ ಮೇಲೆ ಕೂತಿರುತ್ತವೆ. ಯಾರೋ ಉಜ್ಜಿದ್ದರೆ ಆ ಗೆರೆ ಮಾಯವಾಗಿ ಸುತ್ತುಸುತ್ತಾದ ಗೀರು ಕಾಣುತ್ತದೆ, ಆ ಜಾಗ ಅಕ್ಕಪಕ್ಕಕ್ಕಿಂತ ಒಂದು ಚೂರು ತಗ್ಗಾಗಿರುತ್ತದೆ. ಅಂಕಿ ಸೊಟ್ಟಗಿದೆ ಅಂದ ಮಾತ್ರಕ್ಕೆ ಮೋಸ ಅಂತ ತೀರ್ಮಾನಿಸಬೇಡಿ. ಕಾರ್ಖಾನೆಯಲ್ಲೂ ಕೈಯಿಂದ ಪಂಚ್ ಹೊಡೆಯುವ ಕಾಲ ಇತ್ತು. ಕೆಳಗಿನ ಮೇಲ್ಮೈ ಹೇಗಿದೆ ಅನ್ನುವುದು ಅಂಕಿಯ ಸಾಲಿಗಿಂತ ಮುಖ್ಯ.

ಓದಿದ ನಂಬರನ್ನು ಆರ್‌ಸಿ ಪುಸ್ತಕದ ಜೊತೆ ಹೋಲಿಸಿ. 1966ರ ಪುಸ್ತಕವೇ ಉಳಿದಿದ್ದರೆ ಅದರಲ್ಲಿ ಮೈಸೂರು ರಾಜ್ಯ ಅಂತ ಇರುತ್ತದೆ. ಅದು ಈಗಿನ ಸ್ಮಾರ್ಟ್ ಕಾರ್ಡ್‌ಗಿಂತ ಬೆಲೆಯುಳ್ಳ ದಾಖಲೆ, ಏಕೆಂದರೆ ಮೂಲ ನಂಬರ್ ಅದರಲ್ಲೇ ಬರೆದಿರುತ್ತದೆ. ಕಾರ್ಡ್‌ಗೆ ಏರಿಸುವಾಗ ಒಂದು ಅಂಕಿ ಆಚೀಚೆ ಆಗಿರುವ ಸಾಧ್ಯತೆ ಇದ್ದೇ ಇದೆ. ಹಳೇ ಪುಸ್ತಕದ ಒಳಪುಟಗಳನ್ನೂ ನೋಡಿ. ಹಿಂದೆ ಯಾರಾದರೂ ಎಂಜಿನ್ ಬದಲಿಸಿ ಆರ್‌ಟಿಒದಲ್ಲಿ ಬರೆಸಿದ್ದರೆ ಅದರ ಷರಾ ಅಲ್ಲಿರುತ್ತದೆ. ಎರಡೂ ತಾಳೆಯಾಗದಿದ್ದರೆ ಏನೇ ಆದರೂ ನಂಬರ್ ಮುಟ್ಟಬೇಡಿ. 'ಪಂಚ್ ಹೊಡೆಸಿಬಿಡೋಣ ಸರ್' ಅಂತ ಯಾರು ಹೇಳಿದರೂ ಒಪ್ಪಬೇಡಿ. ಅದು ಅಪರಾಧ. ಎಂಜಿನ್ ಬದಲಾಗಿದ್ದರೆ ಅದನ್ನು ಆರ್‌ಟಿಒದಲ್ಲಿ ದಾಖಲು ಮಾಡಿಸುವುದೇ ದಾರಿ.

ವಿಂಟೇಜ್ ನೋಂದಣಿಯ ವಿಷಯವೂ ಇಲ್ಲಿಗೇ ಬಂದು ಸೇರುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ ಚಾಲ್ತಿ, ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರದ ನಂತರ 'ವಿಎ' ಬರುತ್ತದೆ. ಆದರೆ ಆ ಗಾಡಿಯನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ರ್‍ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥದ್ದಕ್ಕೆ ಮಾತ್ರ. ಭಾನುವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ನಂದಿಬೆಟ್ಟಕ್ಕೆ ಹೋಗಿಬರುವ ಆಸೆ ಇದ್ದರೆ ಈ ಶರತ್ತನ್ನು ಚೆನ್ನಾಗಿ ಯೋಚಿಸಿ. ಬೋರ್ ಮಾಡಿಸಿ ಪಿಸ್ಟನ್, ರಿಂಗ್ ಬದಲಿಸುವುದು ನನ್ನ ಪ್ರಕಾರ ರಿಪೇರಿಯೇ ಹೊರತು ಮಾರ್ಪಾಡಲ್ಲ. ಆದರೂ ಕೆಲಸದ ಪ್ರತಿ ಹಂತದ ಫೋಟೊ, ಬಿಲ್ಲು ಇಟ್ಟುಕೊಳ್ಳಿ.

ಬ್ಲಾಕ್ ನಿಮ್ಮದೇ ಅಂತ ಖಾತ್ರಿಯಾದರೆ ಅದನ್ನು ಬಿಟ್ಟುಕೊಡಬೇಡಿ. ಬೋರ್ ಎಷ್ಟೇ ಸವೆದಿದ್ದರೂ ಸ್ಲೀವ್, ಅಂದರೆ ಸಿಲಿಂಡರ್ ಒಳಗೆ ಹೊಸ ಕೊಳವೆ, ಹಾಕಿಸಿ ಮತ್ತೆ 68 ಮಿ.ಮೀ.ಗೆ ತರಬಹುದು. ಪೀಣ್ಯದಲ್ಲಿ ಈ ಕೆಲಸ ಅಚ್ಚುಕಟ್ಟಾಗಿ ಮಾಡುವ ಲೇತ್‌ನವರು ಇದ್ದಾರೆ. ಬ್ಲಾಕ್ ಕೊಡುವ ಮೊದಲು ಬೋರ್ ಗೇಜ್‌ನಲ್ಲಿ ಸಿಲಿಂಡರ್‌ನ ತೀರಾ ಕೆಳಗೆ, ರಿಂಗ್ ತಲುಪದ ಜಾಗದಲ್ಲಿ ಅಳತೆ ತೆಗೆಸಿ. ಅಲ್ಲಿ ಸವೆತ ಇರುವುದಿಲ್ಲ. ಹಾಗಾಗಿ ಹಿಂದಿನ ಸಲ ಎಷ್ಟಕ್ಕೆ ಬೋರ್ ಮಾಡಿಸಿದ್ದರು ಅಂತ ಅದು ನೇರವಾಗಿ ಹೇಳುತ್ತದೆ. 68ರ ಆಸುಪಾಸಿನಲ್ಲೇ ಬಂದರೆ ನಿಮ್ಮ ಎಂಜಿನ್ ಇದುವರೆಗೆ ಬೋರಿಂಗ್‌ಗೆ ಹೋಗಿಯೇ ಇಲ್ಲ, ಅಥವಾ ಆಗಲೇ ಸ್ಲೀವ್ ಹಾಕಿದ್ದಾರೆ. ಸ್ಲೀವ್ ಹಾಕಿದ್ದರೆ ಬ್ಲಾಕಿನ ಮೇಲ್ಮುಖದಲ್ಲಿ ಪ್ರತಿ ಸಿಲಿಂಡರ್ ಸುತ್ತ ಕೂದಲೆಳೆಯ ಹಾಗೆ ಒಂದು ಉಂಗುರದ ಗೆರೆ ಕಾಣುತ್ತದೆ.

ಈಗ ನೀವೇ ಮೇಜಿನ ಮುಂದೆ ಕೂತು ನೋಡಬೇಕಾದ ಸಾಮಾನು: ಬೇರಿಂಗ್ ಶೆಲ್, ಅಂದರೆ ಕ್ರ್ಯಾಂಕ್ ಶಾಫ್ಟ್ ತಿರುಗುವ ಜಾಗದಲ್ಲಿ ಕೂರುವ ಅರ್ಧವೃತ್ತದ ತಗಡು. ಎಲ್ಲರೂ ಅದರ ಒಳಮುಖ ನೋಡುತ್ತಾರೆ, ಸವೆದಿದೆ ಅಂತ ಪಕ್ಕಕ್ಕಿಡುತ್ತಾರೆ. ಮಗುಚಿ ಬೆನ್ನು ನೋಡಿ. ಎಣ್ಣೆ ಒರೆಸಿದರೆ ಉಕ್ಕಿನ ಬೆನ್ನಿನ ಮೇಲೆ ತಯಾರಕರ ಗುರುತು, ಪಾರ್ಟ್ ನಂಬರ್, ಅಳತೆ ಸಣ್ಣದಾಗಿ ಕೊರೆದಿರುತ್ತದೆ. 'ಎಸ್‌ಟಿಡಿ' ಅಂತಿದ್ದರೆ ಕ್ರ್ಯಾಂಕ್ ಇದುವರೆಗೆ ಗ್ರೈಂಡಿಂಗ್‌ಗೆ ಹೋಗಿಲ್ಲ. '0.25' ಅಥವಾ '0.50' ಅಂತಿದ್ದರೆ ಮಿಲಿಮೀಟರ್ ಲೆಕ್ಕದಲ್ಲಿ ಅಷ್ಟು ಉಜ್ಜಿಸಿದ್ದಾರೆ. '010', '020' ಅಂತಿದ್ದರೆ ಅದು ಇಂಚಿನ ಲೆಕ್ಕ, ನಮ್ಮ ಗ್ಯಾರೇಜಿನವರು ಟೆನ್, ಟ್ವೆಂಟಿ ಅನ್ನುವುದು ಅದನ್ನೇ. ನಾಲ್ಕೂ ಕಾನ್‌ರಾಡ್‌ನ (ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ರಾಡ್) ಶೆಲ್‌ಗಳಲ್ಲಿ ಒಂದೇ ಗುರುತು ಇದೆಯಾ ನೋಡಿ. ಮೂರರಲ್ಲಿ ಒಂದು ಕಂಪನಿ, ಒಂದರಲ್ಲಿ ಇನ್ನೊಂದು ಕಂಪನಿ ಇದ್ದರೆ ಆ ಸಿಲಿಂಡರ್‌ಗೆ ಹಿಂದೆ ಯಾವಾಗಲೋ ಏಟು ಬಿದ್ದಿದೆ, ಬೇರಿಂಗ್ ಹಿಡಿದುಕೊಂಡಿರಬಹುದು. ಆ ರಾಡ್ ಮೇಲೆ ಅನುಮಾನ ಇಡಿ.

ರಾಡ್ ನೋಡುವುದು ಹೀಗೆ. ಪ್ರತಿ ರಾಡ್ ಮತ್ತು ಅದರ ಕೆಳಗಿನ ಕ್ಯಾಪ್ ಮೇಲೆ ಒಂದೇ ಬದಿಯಲ್ಲಿ ಸಿಲಿಂಡರ್ ನಂಬರ್ ಹೊಡೆದಿರುತ್ತಾರೆ. ರಾಡ್ ಮೇಲೆ 3 ಇದ್ದು ಕ್ಯಾಪ್ ಮೇಲೆ 2 ಇದ್ದರೆ ಜೋಡಿ ತಪ್ಪಿದೆ. ರಾಡ್ ಮತ್ತು ಕ್ಯಾಪ್ ಅನ್ನು ಬೋಲ್ಟ್ ಬಿಗಿದು ಒಟ್ಟಿಗೇ ತೂತು ಕೊರೆದಿರುತ್ತಾರೆ. ಹಾಗಾಗಿ ಬೇರೆ ಕ್ಯಾಪ್ ಹಾಕಿದರೆ ತೂತು ಪೂರ್ತಿ ದುಂಡಗೆ ಬರುವುದಿಲ್ಲ. ಬ್ಲಾಕಿನ ಮೇನ್ ಬೇರಿಂಗ್ ಕ್ಯಾಪ್‌ಗಳೂ ಹಾಗೇ. ಈ ಎಂಜಿನ್‌ಗೆ ಮೂರು ಮೇನ್ ಬೇರಿಂಗ್, ಮೂರು ಕ್ಯಾಪ್. ಅವು ಬ್ಲಾಕ್ ಜೊತೆಗೇ ಹುಟ್ಟಿದವು. ಗುಜರಿಯಲ್ಲಿ ಕ್ಯಾಪ್ ಇಲ್ಲದ ಬ್ಲಾಕ್ ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ತೋರಿಸಿದರೆ ಬೇಡ ಅನ್ನಿ. ಬೇರೆ ಬ್ಲಾಕಿನ ಕ್ಯಾಪ್ ಹಾಕಿ, ಲೈನ್ ಬೋರಿಂಗ್ (ಮೂರೂ ತೂತನ್ನು ಒಂದೇ ನೇರಕ್ಕೆ ಕೊರೆಯುವುದು) ಮಾಡಿಸದೆ ಕೂರಿಸಿದರೆ ಕ್ರ್ಯಾಂಕ್ ನೆಮ್ಮದಿಯಾಗಿ ತಿರುಗುವುದಿಲ್ಲ.

ಬೋಲ್ಟುಗಳು ಚಿಕ್ಕ ವಿಷಯ ಅನಿಸುತ್ತದೆ. ಆದರೆ ಹಿಂದಿನವರು ಹೇಗೆ ಕೆಲಸ ಮಾಡಿದ್ದರು ಅಂತ ಅವು ಹೇಳಿಬಿಡುತ್ತವೆ. ಫಿಯೆಟ್ ಪೂರ್ತಿ ಮೆಟ್ರಿಕ್ ಗಾಡಿ. ಅದೇ ಕಾಲದ ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್ ಇಂಗ್ಲೆಂಡಿನ ವಿನ್ಯಾಸದವು, ಇಂಚಿನ ಲೆಕ್ಕ. 8 ಮಿ.ಮೀ. ಬೋಲ್ಟಿನ ಸಾಮಾನ್ಯ ಪಿಚ್ (ಎರಡು ಥ್ರೆಡ್ ನಡುವಿನ ಅಂತರ) 1.25 ಮಿ.ಮೀ. ಐದು ಬೈ ಹದಿನಾರು ಇಂಚಿನ ಯುಎನ್‌ಎಫ್ (ಇಂಚಿನ ಲೆಕ್ಕದ ಸಣ್ಣ ಥ್ರೆಡ್) ಬೋಲ್ಟಿನ ದಪ್ಪ 7.94 ಮಿ.ಮೀ., ಪಿಚ್ ಸುಮಾರು 1.06. ನೋಡಲು ಎರಡೂ ಒಂದೇ ಥರ. ಎರಡು ಸುತ್ತು ಒಳಗೆ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ, ಜೋರು ಮಾಡಿದರೆ ಅಲ್ಯೂಮಿನಿಯಂನ ಥ್ರೆಡ್ ಕಿತ್ತು ಬರುತ್ತದೆ. ಎಸ್.ಜೆ.ಪಿ. ರಸ್ತೆಯಲ್ಲಿ ಒಂದು ಪಿಚ್ ಗೇಜ್ ಮತ್ತು ವರ್ನಿಯರ್ ತನ್ನಿ, ಹೆಚ್ಚು ಖರ್ಚಿಲ್ಲ. ನಿಮ್ಮ ಹಳೇ ಬೋಲ್ಟುಗಳನ್ನೆಲ್ಲ ಅಳೆದು ಬೇರೆ ಮಾಡಿ. ಇಂಚಿನ ಬೋಲ್ಟ್ ಎಲ್ಲಿ ಸಿಗುತ್ತದೋ ಅಲ್ಲಿ ಯಾರೋ ಕೈ ಆಡಿಸಿದ್ದಾರೆ, ಆ ತೂತನ್ನು ಚೆನ್ನಾಗಿ ಪರೀಕ್ಷೆ ಮಾಡಿಸಿ.

ಹೆಡ್ ಬಗ್ಗೆ ಒಂದು ಮಾತು. ಈ ಎಂಜಿನ್‌ನ ಬ್ಲಾಕ್ ಬೀಡುಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಹೊಯ್ದ ಗಾಡಿಗಳ ಹೆಡ್‌ನಲ್ಲಿ ನೀರಿನ ದಾರಿಯ ಅಂಚು ತಿಂದು ಹೋಗಿರುತ್ತದೆ. 'ಹೆಡ್ ಹೋಯ್ತು, ಬೇರೆ ಹಾಕೋಣ' ಅನ್ನುವುದು ಇಲ್ಲೇ. ಆತುರ ಬೇಡ. ಬಿರುಕು ಇಲ್ಲದಿದ್ದರೆ ಆರ್ಗಾನ್ ವೆಲ್ಡಿಂಗ್‌ನಲ್ಲಿ ತುಂಬಿಸಿ, ಫೇಸಿಂಗ್ ಮಾಡಿಸಿ, ಪ್ರೆಶರ್ ಟೆಸ್ಟ್ ಮಾಡಿಸಿದರೆ ಹಳೇ ಹೆಡ್ ಎಷ್ಟೋ ವರ್ಷ ಬರುತ್ತದೆ. ಹಳೇ ಹೆಡ್ ಗ್ಯಾಸ್ಕೆಟ್‌ನಲ್ಲಿ ಆಸ್ಬೆಸ್ಟಸ್ ಇರುವ ಸಾಧ್ಯತೆ ಜಾಸ್ತಿ. ಅದನ್ನು ಒಣಗಿದ್ದಾಗ ಕೆರೆಯಬೇಡಿ, ಒದ್ದೆ ಮಾಡಿ ತೆಗೆಯಿರಿ. ಮುಂದೆ ಸಾದಾ ನೀರು ಬಿಟ್ಟು ಕೂಲೆಂಟ್ ಹಾಕಿ.

ಈಗ ನಿಮ್ಮ ಜೆ.ಸಿ. ರಸ್ತೆಯ ಪಿಸ್ಟನ್ ಸೆಟ್. ಮೊದಲು ಡಬ್ಬದ ವಯಸ್ಸು ಕಂಡುಹಿಡಿಯೋಣ. ಡಬ್ಬದ ಮೇಲಿನ ವಿಳಾಸ ಓದಿ. ಆರು ಅಂಕಿಯ ಪಿನ್ ಕೋಡ್ ಇದೆಯಾ? ನಮ್ಮಲ್ಲಿ ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು. ಪಿನ್ ಇದ್ದರೆ ಆ ಡಬ್ಬ 1966ರದು ಅಂತ ಯಾರು ಹೇಳಿದರೂ ನಂಬಬೇಡಿ. ಬಾಂಬೆ ಅಂತಿದೆಯೋ ಮುಂಬೈ ಅಂತಿದೆಯೋ? ಮುಂಬೈ ಅಂತಿದ್ದರೆ 1995ರ ನಂತರದ್ದು. ಚೆನ್ನೈ ಅಂತಿದ್ದರೆ 1996ರ ನಂತರದ್ದು. ಪದ್ಮಿನಿ ಹೆಸರಿದ್ದರೆ 1974ರ ನಂತರದ್ದು. ಬಾರ್‌ಕೋಡ್ ಇದ್ದರೆ ಇನ್ನೂ ಈಚಿನದು. ಹಳೇ ಬಣ್ಣದ ಡಬ್ಬ ಪ್ರಿಂಟ್ ಮಾಡಿಸಿ ಲೋಕಲ್ ಸಾಮಾನು ತುಂಬುವವರು ಇಂಥ ಚಿಕ್ಕ ವಿಷಯದಲ್ಲೇ ಸಿಕ್ಕಿಬೀಳುತ್ತಾರೆ. ಹಾಗಂತ 1985ರ ಪದ್ಮಿನಿ ಪಿಸ್ಟನ್ ಕೆಟ್ಟದ್ದೇನಲ್ಲ. ಬೋರ್ ಅದೇ. ಅಂಗಡಿಯವರು 1966ರ ಬೆಲೆ ಹೇಳುತ್ತಿದ್ದರೆ ಮಾತ್ರ ಚೌಕಾಸಿ ಮಾಡಲು ನಿಮಗೆ ಕಾರಣ ಸಿಕ್ಕಿತು.

ಡಬ್ಬ ಆಯಿತು, ಪಿಸ್ಟನ್ ಹೊರಗೆ ತೆಗೆಯಿರಿ. ಒಳಗಡೆ ತಿರುಗಿಸಿ ತಯಾರಕರ ಎರಕದ ಗುರುತು ಹುಡುಕಿ, ನಿಮ್ಮ ಹಳೇ ಪಿಸ್ಟನ್ ಒಳಗಿನ ಗುರುತಿನ ಜೊತೆ ಹೋಲಿಸಿ. ಇದಕ್ಕೇ ಹಳೇ ಪಿಸ್ಟನ್ ಜೇಬಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ ಅನ್ನುವುದು. ತಲೆಯ ಮೇಲೆ ಓವರ್‌ಸೈಜ್ (ಮೂಲ ಅಳತೆಗಿಂತ ಎಷ್ಟು ದೊಡ್ಡದು ಅನ್ನುವ) ಅಂಕಿ ಇರುತ್ತದೆ, ಜೊತೆಗೆ ಅಳತೆಯ ದರ್ಜೆ ಹೇಳುವ ಅಕ್ಷರವೂ ಇರಬಹುದು. ಫಿಯೆಟ್‌ನವರು ಪಿಸ್ಟನ್‌ಗಳನ್ನು ಅಳತೆಯ ಪ್ರಕಾರ ಎ, ಸಿ, ಇ ಅಂತ ವಿಂಗಡಿಸುವ ಪದ್ಧತಿ ಇಟ್ಟುಕೊಂಡಿದ್ದರು. ನಾಲ್ಕರಲ್ಲೂ ಒಂದೇ ಅಕ್ಷರ ಇದ್ದರೆ ಸೆಟ್ ಸರಿಯಾಗಿದೆ. ಆಮೇಲೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ನಾಲ್ಕನ್ನೂ ತೂಗಿ. ಒಳ್ಳೆ ತಯಾರಕರ ಸೆಟ್‌ನಲ್ಲಿ ತೂಕದ ವ್ಯತ್ಯಾಸ ಕೆಲವೇ ಗ್ರಾಂ. ಹತ್ತು ಹದಿನೈದು ಗ್ರಾಂ ಆಚೀಚೆ ಬಂದರೆ ಡಬ್ಬದ ಮೇಲೆ ಯಾವ ಹೆಸರಿದ್ದರೂ ವಾಪಸ್ ಕೊಡಿ.

ರಿಂಗ್, ಬೇರಿಂಗ್, ಗ್ಯಾಸ್ಕೆಟ್, ಆಯಿಲ್ ಸೀಲ್, ವಾಲ್ವ್ ಗೈಡ್ ಇವಕ್ಕೆ ಹಳೇ ಡಬ್ಬ ಹುಡುಕುತ್ತಾ ಅಲೆಯಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಇವು ಸವೆಯಲೆಂದೇ ಇರುವ ಸಾಮಾನು. ಕಾರ್ ಕಂಪನಿಗಳೂ ಇಂಥವನ್ನು ಬಹಳಷ್ಟು ಹೊರಗಿನ ತಯಾರಕರಿಂದಲೇ ಕೊಳ್ಳುತ್ತಿದ್ದವು. ಯಲಹಂಕದಲ್ಲೇ ಗೋಟ್ಜೆ ರಿಂಗ್ ತಯಾರಾಗುತ್ತದೆ, ಅಂಥ ಹೆಸರಾಂತ ತಯಾರಕರ ಹೊಸ ರಿಂಗ್ ಸಿಕ್ಕರೆ ಕಣ್ಣುಮುಚ್ಚಿ ಹಾಕಿ. ರಬ್ಬರ್ ಸಾಮಾನು ಐವತ್ತು ವರ್ಷ ಡಬ್ಬದಲ್ಲಿದ್ದರೆ ಒರಿಜಿನಲ್ ಆದರೂ ಪ್ರಯೋಜನವಿಲ್ಲ, ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಪೆಟ್ರೋಲ್ ಪಂಪಿನ ಡಯಾಫ್ರಾಮ್ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಇದೆ, ಹಳೇ ರಬ್ಬರ್ ಅದನ್ನು ತಡೆಯುವುದಿಲ್ಲ. ಪಂಪಿನ ಬಾಡಿ ಹಳೆಯದೇ ಇರಲಿ, ಡಯಾಫ್ರಾಮ್ ಮತ್ತು ಪೈಪು ಎಥನಾಲ್ ತಡೆಯುವ ಹೊಸದು ಹಾಕಿಸಿ. ಸೋರಿದ ಪೆಟ್ರೋಲ್ ಬಿಸಿ ಎಂಜಿನ್ ಮೇಲೆ ಬಿದ್ದರೆ ಗಾಡಿಯೇ ಹೋಗುತ್ತದೆ.

ಡಿಸ್ಟ್ರಿಬ್ಯೂಟರ್, ಡೈನಮೊ, ಸೆಲ್ಫ್ ಮೋಟರ್ ಮೇಲೆ ಲ್ಯೂಕಾಸ್ ಹೆಸರಿದ್ದರೆ ಖುಷಿಪಡಿ, ಅವು ತಮ್ಮ ವಯಸ್ಸು ತಾವೇ ಹೇಳುತ್ತವೆ. ಇಂಗ್ಲೆಂಡಿನ ಲ್ಯೂಕಾಸ್ ಸಾಮಾನಿನ ಬಾಡಿ ಮೇಲೆ ಪಾರ್ಟ್ ನಂಬರ್ ಪಕ್ಕ ತಯಾರಾದ ತಿಂಗಳು ಅಥವಾ ವಾರ, ಜೊತೆಗೆ ವರ್ಷದ ಕೊನೆಯ ಎರಡಂಕಿ ಹೊಡೆದಿರುತ್ತಾರೆ. ಮದ್ರಾಸಿನಲ್ಲಿ ಲ್ಯೂಕಾಸ್-ಟಿವಿಎಸ್ ಶುರುವಾದದ್ದು 1961ರಲ್ಲಿ. ಆ ಹೆಸರಿದ್ದರೆ ಇಲ್ಲಿಯೇ ತಯಾರಾದದ್ದು. ಲೆಕ್ಕ ಸರಳ. ಸಾಮಾನಿನ ತಾರೀಖು ಗಾಡಿಯ ತಾರೀಖಿಗಿಂತ ಕೆಲವು ತಿಂಗಳು ಹಿಂದೆ ಇರಬೇಕು. ಗಾಡಿಗಿಂತ ಈಚಿನ ತಾರೀಖು ಇದ್ದರೆ ಅದು ಆಮೇಲೆ ಹಾಕಿದ್ದು. ಪ್ಲಗ್ ವಿಷಯದಲ್ಲಿ ನಮ್ಮೂರಿಗೇ ಒಂದು ಹೆಮ್ಮೆ ಇದೆ: ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೈಕೋ. 2008ರಲ್ಲಿ ಅದರ ಹೆಸರು ಬಾಷ್ ಆಯಿತು. ಹಳೇ ಮೈಕೋ ಪ್ಲಗ್‌ನ ಮೇಲೆ 145, 175 ಅಂತ ಮೂರಂಕಿ ಇರುತ್ತದೆ. ಈಗಿನ ಬಾಷ್ ಲೆಕ್ಕದಲ್ಲಿ 145 ಅಂದರೆ 8, 175 ಅಂದರೆ 7. ಹಳೇ ಲೆಕ್ಕದಲ್ಲಿ ಅಂಕಿ ಏರಿದಷ್ಟೂ ಪ್ಲಗ್ ತಣ್ಣನೆಯದು (ಬಿಸಿಯನ್ನು ಬೇಗ ಬಿಟ್ಟುಕೊಡುವಂಥದು), ಹೊಸದರಲ್ಲಿ ಅದಕ್ಕೆ ಉಲ್ಟಾ. ಅಂಗಡಿಯಲ್ಲಿ ಇದು ಅದಲುಬದಲಾದರೆ ಪ್ಲಗ್ ಕಪ್ಪು ಹಿಡಿಯುತ್ತದೆ, ಇಲ್ಲವೇ ಸುಡುತ್ತದೆ.

ಕೊನೆಗೆ ಶಿವಾಜಿನಗರದ ಕಾರ್ಬ್ಯುರೇಟರ್. ನಿಮ್ಮ ಗಾಡಿಯಿಂದ ಇಳಿದದ್ದು ಇದ್ದರೆ, ಬಾಡಿ ಒಡೆದಿರದಿದ್ದರೆ, ಹೊಸದು ಬೇಡವೇ ಬೇಡ. ಬಹಳ ಸಲ ಸವೆದಿರುವುದು ಥ್ರಾಟಲ್ ಸ್ಪಿಂಡಲ್ ಕೂರುವ ತೂತು ಮಾತ್ರ. ಅಲ್ಲಿಂದ ಗಾಳಿ ಎಳೆದು ಐಡ್ಲಿಂಗ್ ನಿಲ್ಲುವುದಿಲ್ಲ, 'ಕಾರ್ಬ್ಯುರೇಟರ್ ಹೋಯ್ತು' ಅಂತ ತೀರ್ಪು ಬರುತ್ತದೆ. ಲೇತ್‌ನಲ್ಲಿ ಬುಷ್ ಹಾಕಿಸಿದರೆ ಸರಿಹೋಗುತ್ತದೆ. ನಿಮ್ಮದು ಕಳೆದೇ ಹೋಗಿದ್ದರೆ ಗುಜರಿಯದನ್ನು ಕೈಗೆ ತೆಗೆದುಕೊಂಡು ಬಾಡಿ ಮೇಲೆ ಸೋಲೆಕ್ಸ್ ಹೆಸರು, ಮಾದರಿ ಸಂಖ್ಯೆ ಎರಕದಲ್ಲಿ ಚೂಪಾಗಿ ಬಂದಿದೆಯಾ ನೋಡಿ. ಡೂಪ್ಲಿಕೇಟ್ ಅಚ್ಚಿನಲ್ಲಿ ಅಕ್ಷರದ ಅಂಚು ಮೊಂಡಾಗಿ, ಸುತ್ತ ಗುಳ್ಳೆ ಗುಳ್ಳೆಯಾಗಿ ಇರುತ್ತದೆ. ಮೇಲಿನ ಮುಚ್ಚಳ ಬಿಚ್ಚಲು ಕೇಳಿ. ಮುಚ್ಚಳ ಕೂರುವ ಮುಖದ ಮೇಲೆ ಉಕ್ಕಿನ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿಯಿರಿ, ಕೆಳಗೆ ಬೆಳಕು ತೂರಿದರೆ ಬಾಡಿ ಬಾಗಿದೆ. ಮೇನ್ ಜೆಟ್ ಮೇಲೆ ಅಂಕಿ ಇರುತ್ತದೆ, 120 ಅಂದರೆ ತೂತು 1.20 ಮಿ.ಮೀ. ಮೈಲೇಜ್ ಸಾಕು, ಪಿಕಪ್ ಬೇಕು ಅಂತ ಡ್ರಿಲ್ ಹಾಕಿ ದೊಡ್ಡದು ಮಾಡಿಸಿದ ಜೆಟ್‌ಗಳು ತುಂಬಾ ಇವೆ. ಅದೇ ಅಳತೆಯ ಹೊಸ ಡ್ರಿಲ್ ಬಿಟ್‌ನ ನುಣುಪಾದ ಹಿಂಭಾಗವನ್ನು ಒಳಗೆ ಬಿಟ್ಟು ನೋಡಿ. ಸಡಿಲವಾಗಿ ಅಲ್ಲಾಡಿದರೆ ಜೆಟ್ ಬದಲಿಸಬೇಕು. ಬಾಡಿ ನೇರವಾಗಿದ್ದು ಹೆಸರು ಚೂಪಾಗಿದ್ದರೆ ಕೊಳ್ಳಿ. ಜೆಟ್, ನೀಡಲ್ ವಾಲ್ವ್, ಗ್ಯಾಸ್ಕೆಟ್ ಹೊಸದು ಹಾಕಿಸಿಕೊಂಡರೆ ಸಾಕು.